ಮೊದಲು ಕನ್ನಡ ವಾಕ್ಯ ಬಿಡಿಸಿ, ಆಮೇಲೆ ಇಂಗ್ಲಿಷ್ ವಾಕ್ಯ ಕಟ್ಟಿ: ಚಿತ್ರದುರ್ಗದ ಹಳ್ಳಿ ಮಕ್ಕಳೊಂದಿಗೆ

ಚಿತ್ರದುರ್ಗ, ಹೊಳಲ್ಕೆರೆ, ಚಳ್ಳಕೆರೆ ಕಡೆಯ ಹಳ್ಳಿ ಶಾಲೆಗಳಲ್ಲಿ ಐದನೇ ಕ್ಲಾಸಿನ ಮಕ್ಕಳಿಗೆ ಇಂಗ್ಲಿಷ್ ಪದಗಳ ಬರ ಇಲ್ಲ. ಬಸ್, ಗೇಟ್, ಬ್ಯಾಗ್, ಬಾಲ್, ಚಾರ್ಜರ್, ಪಂಪ್, ಮೋಟರ್ ಎಲ್ಲವೂ ಮನೆಮಾತಿನೊಳಗೇ ಬೆರೆತಿವೆ. ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007-08ರಿಂದ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಇರುವುದರಿಂದ ಹಣ್ಣು, ಪ್ರಾಣಿ, ಬಣ್ಣಗಳ ಹೆಸರೂ ಬಾಯಿಗೆ ಬಂದಿರುತ್ತವೆ. ಆದರೆ "ನಾನು ಅನ್ನ ಉಣ್ತೀನಿ ಅನ್ನೋದನ್ನ ಇಂಗ್ಲಿಷ್‌ನಲ್ಲಿ ಹೇಳು" ಎಂದರೆ ಒಬ್ಬರು "ಐ ರೈಸ್ ಈಟ್" ಅನ್ನುತ್ತಾರೆ, ಇನ್ನೊಬ್ಬರು "ಐ ಆಮ್ ಈಟ್ ರೈಸ್" ಅನ್ನುತ್ತಾರೆ, ಉಳಿದವರು ತಲೆ ತಗ್ಗಿಸುತ್ತಾರೆ. ಮೂರೂ ಪದ ಆ ಮಗುವಿಗೆ ಗೊತ್ತು. ಯಾವುದು ಎಲ್ಲಿ ಕೂರಬೇಕು ಅನ್ನುವುದು ಗೊತ್ತಿಲ್ಲ.

ಸಂಜೆ ತರಗತಿಗಳಲ್ಲಿ ಐದರಿಂದ ಏಳನೇ ಕ್ಲಾಸಿನ ಮಕ್ಕಳಿಗೆ ವಾಕ್ಯ ಕಟ್ಟಲು ಕಲಿಸುವಾಗ ನಾವು ಅನುಸರಿಸುವ ಕ್ರಮ ಇಲ್ಲಿದೆ. ಪಠ್ಯಪುಸ್ತಕದ ಕ್ರಮಕ್ಕಿಂತ ಇದು ಕೆಲವು ಕಡೆ ಬೇರೆ. ಬೇರೆಯಾದ ಕಡೆ ಕಾರಣವನ್ನೂ ಹೇಳುತ್ತೇವೆ.

ಮೊದಲು ಸಾಮಾನು. 22 ಇಂಚು ಅಗಲ, 28 ಇಂಚು ಉದ್ದದ ದಪ್ಪ ಬಿಳಿ ಕಾರ್ಡ್ ಶೀಟ್ ಒಂದು ಸಾಕು. ಹದಿಮೂರೂವರೆ ಸೆಂಟಿಮೀಟರ್ ಉದ್ದ, 7 ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿದರೆ ಸರಿಯಾಗಿ 40 ಚೀಟಿ ಬರುತ್ತವೆ. ಹಳೆಯ ಮದುವೆ ಕಾರ್ಡುಗಳ ಹಿಂಬದಿಯೂ ಆಗುತ್ತದೆ. ಮಾಡುವವರ ಹೆಸರಿಗೆ 8 ಚೀಟಿ, ನೀಲಿ ಅಂಚು. ಕ್ರಿಯೆಗೆ 12, ಕೆಂಪು ಅಂಚು. ಏನನ್ನು ಎಂಬುದಕ್ಕೆ 12, ಹಸಿರು. ಎಲ್ಲಿ ಎಂಬುದಕ್ಕೆ 4, ಯಾವಾಗ ಎಂಬುದಕ್ಕೆ 4, ಇವೆರಡಕ್ಕೂ ಹಳದಿ. ಕೊನೆಯ ಸಾಲಿಗೆ ಕಾಣಬೇಕಾದರೆ ಅಕ್ಷರ 3 ಸೆಂಟಿಮೀಟರ್ ಎತ್ತರ ಇರಲೇಬೇಕು. ಇದರ ಜೊತೆಗೆ ಒಂದು ಹಗ್ಗ, ಬಟ್ಟೆ ಒಣಗಿಸುವ ಕ್ಲಿಪ್ ಒಂದು ಡಜನ್, ಬಣ್ಣದ ಸೀಮೆಸುಣ್ಣ.

ಕ್ರಿಯೆಯ ಚೀಟಿಗೆ ನಾವು ಆರಿಸುವುದು ಈಟ್, ಡ್ರಿಂಕ್, ಬೈ, ವಾಂಟ್, ಲೈಕ್, ಸೀ, ಓಪನ್, ವಾಶ್, ರೀಡ್, ಪ್ಲೇ, ಕ್ಯಾರಿ, ನೋ. ಹಸಿರು ಚೀಟಿಗೆ ಮಕ್ಕಳಿಗೆ ಈಗಾಗಲೇ ಗೊತ್ತಿರುವ ಹೆಸರು ಮಾತ್ರ. ಹೊಸ ರಚನೆ ಕಲಿಸುವ ದಿನ ಹೊಸ ಪದ ಬೇಡ, ಹೊಸ ಪದ ಕಲಿಸುವ ದಿನ ಹೊಸ ರಚನೆ ಬೇಡ. ಎರಡನ್ನೂ ಒಟ್ಟಿಗೆ ಕೊಟ್ಟರೆ ಮಗು ಎಲ್ಲಿ ಎಡವಿತು ಅಂತ ನಮಗೇ ತಿಳಿಯುವುದಿಲ್ಲ.

ಮೊದಲ ಎರಡು ಮೂರು ತರಗತಿ ಇಂಗ್ಲಿಷ್ ಸುದ್ದಿಯೇ ಇಲ್ಲ. ಕನ್ನಡ ವಾಕ್ಯ ಬಿಡಿಸುವುದಷ್ಟೇ ಕೆಲಸ. "ಅಕ್ಕ ಬಾಗಿಲು ತೆಗೆದಳು." ತೆಗೆದವರು ಯಾರು? ಏನು ಮಾಡಿದಳು? ಏನನ್ನು? ಈ ಮೂರು ಪ್ರಶ್ನೆಗೆ ತಡವರಿಸದೆ ಉತ್ತರ ಬರುವ ತನಕ ಮುಂದಕ್ಕೆ ಹೋಗುವುದಿಲ್ಲ. ಕರ್ತೃ, ಕರ್ಮ, ಕ್ರಿಯಾಪದ ಎಂಬ ಹೆಸರು ಅವರು ಕನ್ನಡ ಪಾಠದಲ್ಲಿ ಕೇಳಿರುತ್ತಾರೆ, ಆದರೆ ಯಾರು, ಏನು ಮಾಡಿದರು, ಏನನ್ನು ಎಂಬ ಪ್ರಶ್ನೆಗಳೇ ಹೆಚ್ಚು ಕೆಲಸ ಮಾಡುತ್ತವೆ. ಕನ್ನಡವನ್ನು ತರಗತಿಯಿಂದ ಹೊರಗಿಟ್ಟರೆ ಇಂಗ್ಲಿಷ್ ತಾನಾಗಿ ಬರುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಹಳ ಜನರಿಗಿದೆ. ಮನೆಯಲ್ಲಿ, ಬೀದಿಯಲ್ಲಿ ಇಂಗ್ಲಿಷ್ ಕಿವಿಗೆ ಬೀಳದ ಊರಲ್ಲಿ ಅದು ನಡೆಯುವ ಮಾತಲ್ಲ. ಮಗು ಹೇಗೂ ಮನಸ್ಸಿನಲ್ಲಿ ಕನ್ನಡ ವಾಕ್ಯವನ್ನೇ ಮೊದಲು ಕಟ್ಟುತ್ತದೆ. ಆ ವಾಕ್ಯವನ್ನು ಬೋರ್ಡಿನ ಮೇಲೆ ತಂದು ಬಿಡಿಸಿಟ್ಟರೆ ಎಲ್ಲಿ ತಿರುಗಿಸಬೇಕು ಅನ್ನುವುದು ಅದರ ಕಣ್ಣಿಗೇ ಕಾಣುತ್ತದೆ.

ಮೊಳಕಾಲ್ಮೂರು, ಚಳ್ಳಕೆರೆ ಕಡೆ ಹಲವು ಮಕ್ಕಳ ಮನೆಮಾತು ತೆಲುಗು. ತಾಂಡಾಗಳಲ್ಲಿ ಲಂಬಾಣಿ, ಪೇಟೆಯಲ್ಲಿ ಉರ್ದು. ಅದಕ್ಕಾಗಿ ಕ್ರಮ ಬದಲಿಸಬೇಕಿಲ್ಲ. ಈ ಮೂರು ಭಾಷೆಗಳಲ್ಲೂ ಕ್ರಿಯಾಪದ ಕನ್ನಡದಂತೆ ಕೊನೆಗೇ ಬರುತ್ತದೆ.

ಆಮೇಲೆ ನೆಲದ ಮೇಲೆ ಸೀಮೆಸುಣ್ಣದಿಂದ ಮೂರು ಚೌಕ ಬರೆಯುತ್ತೇವೆ: ನೀಲಿ, ಕೆಂಪು, ಹಸಿರು, ಎಡದಿಂದ ಬಲಕ್ಕೆ. ಚೀಟಿ ಹಿಡಿದ ಮಕ್ಕಳು ಚೌಕದೊಳಗೆ ನಿಲ್ಲುತ್ತಾರೆ, ಉಳಿದವರು ಎದುರು ಕೂತು ಓದುತ್ತಾರೆ. "ಐ", "ಈಟ್", "ರೈಸ್". ಶುರುವಿನಲ್ಲಿ ನೀಲಿ ಚೀಟಿಗೆ ಐ, ವಿ, ಯು, ದೇ ಇವು ನಾಲ್ಕೇ. ಹಿ, ಶಿ, ಇಟ್ ಬಂದರೆ ಕ್ರಿಯಾಪದಕ್ಕೆ ಎಸ್ ಹತ್ತುತ್ತದೆ, ಆ ತೊಡಕು ಈಗಲೇ ಬೇಡ.

ಜಾಗ ಯಾಕೆ ಅಷ್ಟು ಮುಖ್ಯ ಅಂತ ಮಕ್ಕಳಿಗೆ ಮನವರಿಕೆ ಮಾಡಿಸಲು ಚಿತ್ರದುರ್ಗದಲ್ಲಿ ಓಬವ್ವನಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಕೋಟೆಯ ಕಿಂಡಿಯಲ್ಲಿ ನುಸುಳಿ ಬಂದ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಹೊಡೆದ ಕಥೆ ಗೊತ್ತಿಲ್ಲದ ಮಗು ಇಲ್ಲಿಲ್ಲ. "ಓಬವ್ವ ಸೈನಿಕನನ್ನು ಕೊಂದಳು" ಎಂದು ಬೋರ್ಡಿನಲ್ಲಿ ಬರೆಯುತ್ತೇವೆ. ಅದನ್ನೇ "ಸೈನಿಕನನ್ನು ಓಬವ್ವ ಕೊಂದಳು" ಎಂದು ತಿರುಗಿಸಿ ಕೇಳುತ್ತೇವೆ: ಸತ್ತವರು ಯಾರು? ಸೈನಿಕನೇ. "ಕೊಂದಳು ಓಬವ್ವ ಸೈನಿಕನನ್ನು" ಎಂದರೂ ಸತ್ತವನು ಅವನೇ. ಯಾಕೆ? ಸೈನಿಕನ ಬೆನ್ನಿಗೆ "ಅನ್ನು" ಅಂಟಿದೆ, ಕ್ರಿಯಾಪದದ ಕೊನೆಗೆ "ಅಳು" ಇದೆ. ಪದ ಎಲ್ಲಿಗೆ ಹೋದರೂ ಗುರುತು ಅದರ ಜೊತೆಗೇ ಹೋಗುತ್ತದೆ.

ಈಗ ಚೌಕದಲ್ಲಿ ಮೂವರು ನಿಲ್ಲುತ್ತಾರೆ: "ಓಬವ್ವ", "ಕಿಲ್ಡ್", "ದಿ ಸೋಲ್ಜರ್". ಎದುರಿಗಿದ್ದವರು ಓದುತ್ತಾರೆ. ಆಮೇಲೆ ನೀಲಿ ಚೌಕದವರೂ ಹಸಿರು ಚೌಕದವರೂ ಜಾಗ ಬದಲಿಸುತ್ತಾರೆ. "ದಿ ಸೋಲ್ಜರ್ ಕಿಲ್ಡ್ ಓಬವ್ವ." ಅರ್ಥ ಹೇಳಿ ಎಂದಾಗ ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ತರಗತಿಗೆ ತರಗತಿಯೇ "ಇಲ್ಲ, ಇಲ್ಲ" ಎಂದು ಕೂಗುತ್ತದೆ. ಪದಗಳು ಅವೇ, ಒಂದಕ್ಷರ ಬದಲಾಗಿಲ್ಲ, ಓಬವ್ವನೇ ಸತ್ತುಹೋದಳು. ಕನ್ನಡದ ಪದ ಟಿಕೆಟ್ಟನ್ನು ಕೈಯಲ್ಲೇ ಹಿಡಿದು ಬಸ್ಸು ಹತ್ತುತ್ತದೆ, ಎಲ್ಲಿ ಕೂತರೂ ನಡೆಯುತ್ತದೆ. ಇಂಗ್ಲಿಷ್ ಪದಕ್ಕೆ ಸೀಟು ನಂಬರೇ ಟಿಕೆಟ್ಟು. ಹೀಗೆ ಹೇಳಿದ ಮೇಲೆ "ಐ ರೈಸ್ ಈಟ್" ಎಂದವರನ್ನು ನಾವು ತಿದ್ದಬೇಕಾಗುವುದಿಲ್ಲ, ಪಕ್ಕದವರೇ "ಸೀಟು, ಸೀಟು" ಅನ್ನುತ್ತಾರೆ.

ಮೂರು ಚೌಕ ಹಿಡಿತಕ್ಕೆ ಬಂದ ಮೇಲೆ ಬದಲಿ ಕೋಷ್ಟಕ. 20ನೇ ಶತಮಾನದ ಆರಂಭದಲ್ಲಿ ಹೆರಾಲ್ಡ್ ಪಾಮರ್ ಎಂಬ ಭಾಷಾಶಿಕ್ಷಕ ಪ್ರಚಾರಕ್ಕೆ ತಂದ ಉಪಾಯ ಇದು, ಇಂದಿಗೂ ಇದಕ್ಕೆ ಸಮನಾದದ್ದನ್ನು ನಾವು ಕಂಡಿಲ್ಲ. ಬೋರ್ಡಿನಲ್ಲಿ ಮೂರು ಸಾಲು ಮೇಲಿಂದ ಕೆಳಕ್ಕೆ: ಐ, ವಿ, ಯು, ದೇ; ಈಟ್, ಬೈ, ಲೈಕ್, ವಾಂಟ್; ಬನಾನಾಸ್, ಮ್ಯಾಂಗೋಸ್, ಆನಿಯನ್ಸ್, ಗ್ರೌಂಡ್‌ನಟ್ಸ್. ನಾಲ್ಕು ನಾಲ್ಕಲಿ ಹದಿನಾರು, ಹದಿನಾರು ನಾಲ್ಕಲಿ 64. ಹನ್ನೆರಡು ಪದದಿಂದ 64 ಸರಿಯಾದ ವಾಕ್ಯ ಬರುತ್ತವೆ ಎಂದು ಮಕ್ಕಳೇ ಲೆಕ್ಕ ಹಾಕಿದಾಗ ಅವರಿಗೆ ಬರುವ ಧೈರ್ಯ ದೊಡ್ಡದು. ಅಲ್ಲಿಯತನಕ ಇಂಗ್ಲಿಷ್ ಅಂದರೆ ಒಂದೊಂದೇ ವಾಕ್ಯವನ್ನು ಬಾಯಿಪಾಠ ಮಾಡುವುದು ಎಂದು ತಿಳಿದವರು ಅವರು. ಕೋಷ್ಟಕವನ್ನು ಒಟ್ಟಾಗಿ ಕೂಗಿಸಬಾರದು. ಒಬ್ಬರು ಒಂದು ವಾಕ್ಯ ಹೇಳಬೇಕು, ಮುಂದಿನವರು ಅದರಲ್ಲಿ ಒಂದೇ ಪದ ಬದಲಿಸಿ ಹೇಳಬೇಕು. ಕೂಗಿಸಿದರೆ ಹಿಂದಿನ ಸಾಲಿನವರು ಬಾಯಿ ಮಾತ್ರ ಆಡಿಸುತ್ತಾರೆ. ಚೀಟಿಗಳನ್ನು ಕಲೆಸಿ ಎತ್ತಿದಾಗ "ವಿ ಡ್ರಿಂಕ್ ದಿ ಗೇಟ್" ಅಂತಲೂ ಬರುತ್ತದೆ. ನಗು ಬರಲಿ, ತಪ್ಪು ಅನ್ನಬೇಡಿ. ಗೇಟು ಕುಡಿಯುವ ಜನ ಇಲ್ಲದಿರಬಹುದು, ವಾಕ್ಯ ಮಾತ್ರ ನೆಟ್ಟಗಿದೆ. ಅರ್ಥ ಬೇರೆ, ರಚನೆ ಬೇರೆ ಅನ್ನುವುದು ಮಕ್ಕಳಿಗೆ ಅಲ್ಲಿಯೇ ಹೊಳೆಯುತ್ತದೆ.

ನಾಲ್ಕನೇ ಮತ್ತು ಐದನೇ ಚೌಕ ಎಲ್ಲಿ, ಯಾವಾಗ ಎಂಬುದಕ್ಕೆ. ಇಲ್ಲಿ ಒಂದು ಸೊಗಸಾದ ಸಂಗತಿ ಇದೆ. "ನಾನು ನಿನ್ನೆ ಸಂತೆಯಲ್ಲಿ ಈರುಳ್ಳಿ ಕೊಂಡೆ." ಪದಗಳ ಮೇಲೆ 1, 2, 3, 4, 5 ಅಂತ ನಂಬರ್ ಹಾಕಿಸಿ. ಇಂಗ್ಲಿಷ್‌ನಲ್ಲಿ "ಐ ಬಾಟ್ ಆನಿಯನ್ಸ್ ಇನ್ ದಿ ಮಾರ್ಕೆಟ್ ಯೆಸ್ಟರ್‌ಡೇ." ನಂಬರ್ ಈಗ 1, 5, 4, 3, 2. ಅಂದರೆ ಮೊದಲನೆಯದನ್ನು ಬಿಟ್ಟು ಉಳಿದದ್ದನ್ನು ಹಿಂದಿನಿಂದ ಓದಿದರೆ ಇಂಗ್ಲಿಷ್. "ಸಂತೆಯಲ್ಲಿ" ಎಂಬ ಪದದ ಒಳಗೂ ಇದೇ ತಿರುವು: ಸಂತೆ ಮೊದಲು, ಅಲ್ಲಿ ಆಮೇಲೆ, ಇಂಗ್ಲಿಷ್‌ನಲ್ಲಿ ಇನ್ ಮೊದಲು, ಮಾರ್ಕೆಟ್ ಆಮೇಲೆ. ಮೇಜಿನ ಮೇಲೆ, ಆನ್ ದಿ ಟೇಬಲ್. ಶಾಲೆಗೆ, ಟು ಸ್ಕೂಲ್. ಎಲ್ಲ ಕಡೆಯೂ ಬಾಲ ತಲೆಯಾಗುತ್ತದೆ. ಈ ನಂಬರ್ ಹಾಕುವ ಅಭ್ಯಾಸಕ್ಕೆ ಹತ್ತು ವಾಕ್ಯ ಸಾಕು, ಮಕ್ಕಳು ತಾವೇ ಹೊಸ ವಾಕ್ಯ ತರಲು ಶುರು ಮಾಡುತ್ತಾರೆ.

ಆದರೆ ತಿರುಗಿಸುವ ಹುರುಪಿನಲ್ಲಿ ತಿರುಗಬಾರದ್ದನ್ನೂ ತಿರುಗಿಸುತ್ತಾರೆ. "ಕೆಂಪು ಈರುಳ್ಳಿ" ಎಂಬುದು "ಆನಿಯನ್ಸ್ ರೆಡ್" ಆಗುತ್ತದೆ, "ನನ್ನ ಅಪ್ಪ" ಎಂಬುದು "ಫಾದರ್ ಮೈ" ಆಗುತ್ತದೆ. ಬಣ್ಣ, ಗಾತ್ರ, ಲೆಕ್ಕ, ಯಾರದು ಎಂಬ ಪದಗಳು ಎರಡೂ ಭಾಷೆಯಲ್ಲಿ ಹೆಸರಿನ ಮುಂದೆಯೇ ಕೂರುತ್ತವೆ. ನಾವು ಅವಕ್ಕೆ ಬೇರೆ ಚೀಟಿ ಮಾಡದೆ ಹೆಸರಿನ ಚೀಟಿಗೇ ಕ್ಲಿಪ್ ಹಾಕಿ ಸೇರಿಸುತ್ತೇವೆ. "ರೆಡ್ ಆನಿಯನ್ಸ್" ಇಡೀ ಒಂದೇ ನಂಬರ್. ಇಷ್ಟರಿಂದ ಆ ತಪ್ಪು ನಿಲ್ಲುತ್ತದೆ.

ಒಂದು ನಿಯಮವನ್ನು ಗೋಡೆಯ ಮೇಲೇ ಬರೆದು ಹಾಕುತ್ತೇವೆ: ನೀಲಿ ಚೌಕವೂ ಕೆಂಪು ಚೌಕವೂ ಖಾಲಿ ಇರಬಾರದು. ಹಸಿರು ಖಾಲಿ ಇರಬಹುದು, ಹಳದಿ ಖಾಲಿ ಇರಬಹುದು. "ಐ ಸ್ಲೀಪ್" ಪೂರ್ತಿ ವಾಕ್ಯ. "ಐ ಗೋ ಟು ಸ್ಕೂಲ್" ಎಂಬಲ್ಲಿ ಹಸಿರು ಇಲ್ಲ. ಆದರೆ ಕನ್ನಡದಲ್ಲಿ ನೀಲಿಯೂ ಖಾಲಿ ಇರುತ್ತದೆ, ಕೆಂಪೂ ಖಾಲಿ ಇರುತ್ತದೆ. ಈ ಎರಡು ಖಾಲಿ ಜಾಗಗಳಿಂದಲೇ ಮಕ್ಕಳ ಅರ್ಧದಷ್ಟು ತಪ್ಪು ಹುಟ್ಟುವುದು ಎಂಬುದು ನಮ್ಮ ಅನಿಸಿಕೆ.

ನೀಲಿ ಖಾಲಿಯಾಗುವುದು ಹೀಗೆ. "ನಿನ್ನೆ ದುರ್ಗಕ್ಕೆ ಹೋಗಿದ್ವಿ." ನಾವು ಎಂಬ ಪದ ಬೇಕಿಲ್ಲ, "ವಿ" ಎಂಬ ಬಾಲದಲ್ಲೇ ಅದಿದೆ. ಮಗು "ಯೆಸ್ಟರ್‌ಡೇ ವೆಂಟ್ ಟು ಚಿತ್ರದುರ್ಗ" ಎಂದು ಬರೆಯುತ್ತದೆ. ವೆಂಟ್ ಎಂಬುದರಲ್ಲಿ ಯಾರು ಅನ್ನುವ ಸುಳಿವೇ ಇಲ್ಲವಲ್ಲ! ನಾನು ಹೋದರೂ ವೆಂಟ್, ನೀನು ಹೋದರೂ ವೆಂಟ್, ಬಸ್ಸು ಹೋದರೂ ವೆಂಟ್. ಹಾಗಾಗಿ ಇಂಗ್ಲಿಷ್‌ನಲ್ಲಿ ನಾವು ಎಂಬರ್ಥದ ವಿ ಎಂದು ಬಾಯಿಬಿಟ್ಟು ಹೇಳಲೇಬೇಕು. ಮಳೆಯ ಮಾತಿನಲ್ಲಿ ಇಂಗ್ಲಿಷ್ ಇನ್ನೂ ಹಠ ಮಾಡುತ್ತದೆ. ಮಾಡುವವರು ಯಾರೂ ಇಲ್ಲದಿದ್ದರೂ ನೀಲಿ ಚೌಕಕ್ಕೆ ಯಾರನ್ನಾದರೂ ಕೂರಿಸಬೇಕು, ಅದಕ್ಕೆ "ಇಟ್ ಈಸ್ ರೈನಿಂಗ್". "ನಮ್ಮೂರಲ್ಲಿ ಕೆರೆ ಇದೆ" ಎಂಬುದಕ್ಕೆ "ದೇರ್ ಈಸ್ ಎ ಲೇಕ್ ಇನ್ ಅವರ್ ವಿಲೇಜ್". ಈ ಇಟ್, ದೇರ್ ಎರಡಕ್ಕೂ ಅರ್ಥ ಹುಡುಕಲು ಹೋಗಬೇಡಿ, ಅವು ಸೀಟು ಹಿಡಿದು ಕೂತ ಪದಗಳು ಎಂದರೆ ಮಕ್ಕಳು ಒಪ್ಪುತ್ತಾರೆ. ಬಾ, ಕೂರು ಎಂಬ ಆಜ್ಞೆ ಮಾತ್ರ ಇದಕ್ಕೆ ಹೊರತು: "ಕಮ್ ಹಿಯರ್", "ಸಿಟ್ ಡೌನ್".

ಕೆಂಪು ಖಾಲಿಯಾಗುವುದು "ನಮ್ಮಪ್ಪ ಡ್ರೈವರ್" ಎಂಬಂಥ ವಾಕ್ಯದಲ್ಲಿ. ಕನ್ನಡದಲ್ಲಿ ಕ್ರಿಯಾಪದವೇ ಬೇಡ. ಮಗು "ಮೈ ಫಾದರ್ ಡ್ರೈವರ್" ಅನ್ನುತ್ತದೆ. ಚೌಕದಲ್ಲಿ ನಿಲ್ಲಿಸಿ ನೋಡಿ, ನಡುವಿನ ಕೆಂಪು ಜಾಗ ಬರಿದಾಗಿ ಕಾಣುತ್ತದೆ. ಅಲ್ಲಿಗೆ ಆಮ್, ಈಸ್, ಆರ್ ಎಂಬ ಮೂರು ಹೊಸ ಚೀಟಿ ಬರುತ್ತವೆ. ಅವುಗಳಿಗೂ ಕೆಂಪು ಅಂಚೇ.

ಇಲ್ಲಿ ನಮ್ಮ ಕ್ರಮ ರೂಢಿಗೆ ವಿರುದ್ಧ. ರೂಢಿಯಲ್ಲಿ "ಐ ಆಮ್", "ದಿಸ್ ಈಸ್" ಇವುಗಳಿಂದಲೇ ಇಂಗ್ಲಿಷ್ ಶುರುವಾಗುತ್ತದೆ. ಮಗು "ಐಆಮ್" ಎಂಬುದನ್ನು ಒಂದೇ ಪದವೆಂದು ತಿಳಿದು, "ನಾನು" ಎಂದರೆ "ಐಆಮ್" ಎಂದು ಕಲಿತುಬಿಡುತ್ತದೆ. ಆಮೇಲೆ ಹುಟ್ಟುವುದೇ "ಐ ಆಮ್ ಈಟ್ ರೈಸ್", "ಐ ಆಮ್ ಗೋ ಟು ಸ್ಕೂಲ್". ಹೈಸ್ಕೂಲ್ ದಾಟಿದರೂ ಈ ತಪ್ಪು ಹೋಗದ ಮಕ್ಕಳಿದ್ದಾರೆ. ಅದಕ್ಕೇ ನಾವು ಈಟ್, ಬೈ, ಪ್ಲೇ ಎಂಬ ಕೆಲಸದ ಕ್ರಿಯಾಪದಗಳನ್ನು ಮೊದಲು ಗಟ್ಟಿ ಮಾಡಿಸಿ, ಆಮೇಲೆ ಆಮ್, ಈಸ್, ಆರ್ ತರುತ್ತೇವೆ. ಕೆಂಪು ಚೌಕದಲ್ಲಿ ಒಬ್ಬರಿಗೇ ಜಾಗ. ಈಟ್ ನಿಂತಿದ್ದರೆ ಆಮ್ ಆಚೆ ಹೋಗಬೇಕು, ಆಮ್ ನಿಂತಿದ್ದರೆ ಈಟ್ ಆಚೆ. ಇಂಗ್ ಹತ್ತಿದಾಗ ಮಾತ್ರ ಇಬ್ಬರೂ ನಿಲ್ಲಬಹುದು: "ಐ ಆಮ್ ಈಟಿಂಗ್". ಇಂಗ್ ಎಂದು ಬರೆದ ಸಣ್ಣ ಚೀಟಿಯನ್ನು ಈಟ್ ಚೀಟಿಗೆ ಕ್ಲಿಪ್ ಮಾಡಿ, ಕ್ಲಿಪ್ ಇಲ್ಲದೆ ಆಮ್ ಪಕ್ಕ ಬರುವ ಹಾಗಿಲ್ಲ ಎಂದು ಹೇಳುತ್ತೇವೆ.

ಇನ್ನು "ನನಗೆ". ಇದಕ್ಕೆ ನಾವು ಬೇರೆಲ್ಲದಕ್ಕಿಂತ ಹೆಚ್ಚು ಹೊತ್ತು ಕೊಡುತ್ತೇವೆ. ಮಗುವಿನ ದಿನದ ಮಾತಿನಲ್ಲಿ ನಾನು ಎಂಬುದರಷ್ಟೇ ನನಗೆ ಎಂಬುದೂ ಇರುತ್ತದೆ: ನನಗೆ ಹಸಿವಾಗ್ತಿದೆ, ನನಗೆ ಟೀ ಬೇಕು, ನನಗೆ ಗೊತ್ತು, ನನಗೆ ಜ್ವರ ಬಂದಿದೆ, ನನಗೆ ಇಬ್ಬರು ತಂಗಿಯರು. ಇದನ್ನು ಪದಕ್ಕೆ ಪದ ಇಟ್ಟು "ಮಿ ವಾಂಟ್ ಟೀ", "ಟು ಮಿ ಫೀವರ್ ಕಮಿಂಗ್" ಎಂದು ಹೇಳುವ ಮಗು ದಡ್ಡ ಅಲ್ಲ, ಕನ್ನಡಕ್ಕೆ ಪ್ರಾಮಾಣಿಕವಾಗಿದೆ ಅಷ್ಟೇ. ಕನ್ನಡದಲ್ಲಿ ಹಸಿವು, ಜ್ವರ, ಆಸೆ, ತಿಳಿವಳಿಕೆ ನಮ್ಮ ಬಳಿಗೆ ಬರುತ್ತವೆ. ಇಂಗ್ಲಿಷ್‌ನಲ್ಲಿ ಅದೇ ವಾಕ್ಯದ ನೀಲಿ ಚೌಕದಲ್ಲಿ ಮನುಷ್ಯನೇ ನಿಲ್ಲಬೇಕು. ಹಾಗಾಗಿ ಈ ಎಲ್ಲ "ನನಗೆ"ಯೂ "ಐ" ಆಗುತ್ತದೆ. ಉಳಿಯುವುದು ಕೆಂಪು ಚೌಕಕ್ಕೆ ಯಾರು ಅನ್ನುವ ಪ್ರಶ್ನೆ. ಅದನ್ನು ಮೂರು ಗುಂಪು ಮಾಡಿಕೊಡುತ್ತೇವೆ.

ಬೇಕು, ಇಷ್ಟ, ಗೊತ್ತು, ಅರ್ಥವಾಯ್ತು: ಇವಕ್ಕೆ ಇಂಗ್ಲಿಷ್‌ನಲ್ಲಿ ಪೂರ್ತಿ ಕ್ರಿಯಾಪದವೇ ಇದೆ. ಐ ವಾಂಟ್ ಟೀ, ಐ ಲೈಕ್ ದೋಸೆ, ಐ ನೋ, ಐ ಅಂಡರ್‌ಸ್ಟ್ಯಾಂಡ್. ಜ್ವರ, ನೆಗಡಿ, ತಲೆನೋವು, ತಂಗಿಯರು, ಇವು ಹ್ಯಾವ್ ಗುಂಪು. ಐ ಹ್ಯಾವ್ ಎ ಫೀವರ್, ಐ ಹ್ಯಾವ್ ಟೂ ಸಿಸ್ಟರ್ಸ್. "ನನ್ನ ಹತ್ರ ಪೆನ್ ಇದೆ" ಎಂಬುದೂ ಇಲ್ಲಿಗೇ: ಐ ಹ್ಯಾವ್ ಎ ಪೆನ್. ಹಸಿವು, ಬಾಯಾರಿಕೆ, ಸುಸ್ತು, ಖುಷಿ, ಭಯ ಮೂರನೇ ಗುಂಪು, ಅಲ್ಲಿ ಆಮ್ ಬೇಕು. ಐ ಆಮ್ ಹಂಗ್ರಿ, ಐ ಆಮ್ ಟೈರ್ಡ್. ಮೂರು ಗುಂಪನ್ನು ಮೂರು ದಿನ ಬೇರೆ ಬೇರೆ ಕಲಿಸಿ, ನಾಲ್ಕನೇ ದಿನ ಕಲೆಸಿ ಕೇಳಬೇಕು. ಒಂದೇ ದಿನ ಕೊಟ್ಟರೆ "ಐ ಆಮ್ ಫೀವರ್", "ಐ ಹ್ಯಾವ್ ಹಂಗ್ರಿ" ಎಂದು ಅದಲು ಬದಲಾಗುತ್ತವೆ. ಜ್ವರದ ಮಾತಿಗೆ "ಐ ಆಮ್ ಹ್ಯಾವಿಂಗ್ ಫೀವರ್" ಎಂದು ದೊಡ್ಡವರೇ ಅನ್ನುವುದನ್ನು ಮಕ್ಕಳು ಕೇಳಿರುತ್ತಾರೆ. ಹ್ಯಾವ್, ನೋ, ವಾಂಟ್, ಲೈಕ್ ಇವಕ್ಕೆ ಇಂಗ್ ಕ್ಲಿಪ್ ಹಾಕುವುದಿಲ್ಲ ಎಂದು ಈ ಹಂತಕ್ಕೆ ಹೇಳಿದರೆ ಸಾಕು.

ಹಿ, ಶಿ, ಇಟ್ ಬರುವುದು ಇದೆಲ್ಲ ಆದ ಮೇಲೆ. ಎಸ್ ಎಂಬ ಒಂದಕ್ಷರಕ್ಕೆ ಇಷ್ಟು ತೊಂದರೆ ಯಾಕೆ ಎಂದು ಮೇಷ್ಟ್ರುಗಳು ಬೇಸರಪಡುತ್ತಾರೆ. ಎರಡು ಕಾರಣ ಕಾಣುತ್ತವೆ. ಕನ್ನಡದ ಮಾತುಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ. ಬಸ್ ನಮ್ಮ ಬಾಯಲ್ಲಿ ಬಸ್ಸು, ಗೇಟ್ ಎಂಬುದು ಗೇಟು. ಈಟ್ಸ್, ವಾಂಟ್ಸ್ ಎಂಬಲ್ಲಿ ಕೊನೆಗೆ ಒತ್ತಿಕೊಂಡು ಬರುವ ಎಸ್ ಮಗುವಿನ ಕಿವಿಗೆ ಬೀಳುವುದೇ ಇಲ್ಲ. ಇನ್ನೊಂದು, ಎಸ್ ಎಂದರೆ ಬಹುವಚನ ಎಂದು ಮೊದಲೇ ಕಲಿತಿರುತ್ತದೆ. ಹಾಗಾಗಿ ಹುಡುಗರು ಬಹಳ ಜನ ಇದ್ದರೆ "ಬಾಯ್ಸ್ ಪ್ಲೇಸ್", ಒಬ್ಬನೇ ಇದ್ದರೆ "ಬಾಯ್ ಪ್ಲೇ". ಮಗುವಿನ ತರ್ಕ ಸರಿಯಾಗೇ ಇದೆ, ಇಂಗ್ಲಿಷ್ ತಿರುವುಮುರುವಾಗಿದೆ.

ಕಿವಿಗೆ ಬೀಳದ್ದನ್ನು ಕಣ್ಣಿಗೆ ತೋರಿಸುವುದೇ ದಾರಿ. ಎಸ್ ಎಂದು ಬರೆದ ಒಂದೇ ಒಂದು ಸಣ್ಣ ಚೀಟಿ, ಅದಕ್ಕೊಂದು ಕ್ಲಿಪ್. ನೀಲಿ ಚೌಕದಲ್ಲಿ "ದಿ ಬಾಯ್", ಕೆಂಪಿನಲ್ಲಿ "ಪ್ಲೇ". ಕ್ಲಿಪ್ಪನ್ನು ಪ್ಲೇಗೆ ಹಾಕಿದರೆ "ದಿ ಬಾಯ್ ಪ್ಲೇಸ್". ಅದನ್ನೇ ಕಿತ್ತು ಬಾಯ್‌ಗೆ ಹಾಕಿದರೆ "ದಿ ಬಾಯ್ಸ್ ಪ್ಲೇ". ಕ್ಲಿಪ್ ಇರುವುದು ಒಂದೇ, ಎರಡೂ ಕಡೆ ಹಾಕಲು ಆಗುವುದಿಲ್ಲ. ಐ, ಯು, ವಿ, ದೇ, ಚಿಲ್ಡ್ರನ್ ಬಂದಾಗ ಕ್ಲಿಪ್ ಎರಡೂ ಕಡೆ ಇಲ್ಲ, ಅದು ನಮ್ಮ ಜೇಬಿಗೆ. ಬಹುವಚನದ ಎಲ್ಲ ರೂಪಕ್ಕೂ ಇದು ಹೊಂದುವುದಿಲ್ಲ ಎಂಬುದು ನಿಜ, ಆದರೆ ಈ ವಯಸ್ಸಿನವರು ಬಳಸುವ ಬಹುಪಾಲು ವಾಕ್ಯಗಳಿಗೆ ಆಗುತ್ತದೆ. ಹ್ಯಾಸ್, ಗೋಸ್, ಡಸ್ ಎಂಬ ಮೂರನ್ನು ಮಾತ್ರ ಬೇರೆಯಾಗಿ ಬಾಯಿಗೆ ಬರಿಸಬೇಕು.

ನಮ್ಮ ಕಡೆಯ ಮಕ್ಕಳು ಹಿ, ಶಿ ಎಂಬುದರಲ್ಲಿ ಅಷ್ಟಾಗಿ ಎಡವುವುದಿಲ್ಲ, ಅವನು, ಅವಳು ಎಂಬ ಭೇದ ಕನ್ನಡದಲ್ಲೇ ಇದೆ. ಎಡವುವುದು ಗೌರವದಲ್ಲಿ. ಅಜ್ಜ ಬರ್ತಾರೆ, ಟೀಚರ್ ಹೇಳ್ತಾರೆ ಎಂಬ ಮಾತಿನಿಂದ "ಮೈ ಗ್ರ್ಯಾಂಡ್‌ಫಾದರ್, ದೇ ಕಮ್" ಬರುತ್ತದೆ. ಅಜ್ಜನನ್ನು ಹಿ ಅಂದರೆ ಮರ್ಯಾದೆ ಕೊಡದಂತೆ ಆಗುತ್ತದಲ್ಲ ಎಂದು ಮಕ್ಕಳು ನಿಜವಾಗಿಯೂ ಸಂಕೋಚಪಡುತ್ತಾರೆ. ಇಂಗ್ಲಿಷ್‌ನಲ್ಲಿ ರಾಷ್ಟ್ರಪತಿಗೂ ಹಿ, ಶಿ ಎಂದೇ ಅನ್ನುವುದು, ಮರ್ಯಾದೆ ಬೇರೆ ಪದಗಳಲ್ಲಿ ಇರುತ್ತದೆ ಎಂದು ಹೇಳಿ ಆ ಸಂಕೋಚ ಬಿಡಿಸಬೇಕು.

ಪ್ರಶ್ನೆ ಮತ್ತು "ಇಲ್ಲ" ಎಂಬುದಕ್ಕೂ ಅದೇ ಕ್ಲಿಪ್ ಸಾಕು. ಕನ್ನಡದಲ್ಲಿ ಪ್ರಶ್ನೆ ವಾಕ್ಯದ ಬಾಲದಲ್ಲಿರುತ್ತದೆ: ಬರ್ತೀಯಾ, ತಿಂತೀಯಾ. ಮಗು "ಯು ಕಮ್?" ಎಂದು ರಾಗ ಎಳೆದು ಮುಗಿಸುತ್ತದೆ. ನೀಲಿ ಚೌಕದ ಎಡಕ್ಕೆ ಇನ್ನೊಂದು ಚಿಕ್ಕ ಚೌಕ ಬರೆದು ಅಲ್ಲಿಗೆ "ಡು" ಚೀಟಿ ತಂದು ನಿಲ್ಲಿಸುತ್ತೇವೆ: "ಡು ಯು ಲೈಕ್ ದೋಸೆ?" ಈಗ "ಶಿ ಲೈಕ್ಸ್ ದೋಸೆ" ಎಂಬುದನ್ನು ಪ್ರಶ್ನೆ ಮಾಡಬೇಕು. ಡು ಚೀಟಿ ಹಿಡಿದವರು ಮುಂದೆ ಬಂದು, ಲೈಕ್‌ಗೆ ಹಾಕಿದ್ದ ಎಸ್ ಕ್ಲಿಪ್ಪನ್ನು ಕಿತ್ತು ತಮ್ಮ ಚೀಟಿಗೆ ಹಾಕಿಕೊಳ್ಳುತ್ತಾರೆ. ಡು ಹೋಗಿ ಡಸ್ ಆಯಿತು, ಲೈಕ್ಸ್ ಹೋಗಿ ಲೈಕ್ ಉಳಿಯಿತು: "ಡಸ್ ಶಿ ಲೈಕ್ ದೋಸೆ?" ಬೋರ್ಡಿನಲ್ಲಿ ಎಷ್ಟು ಸಲ ನಿಯಮ ಬರೆದರೂ "ಡಸ್ ಶಿ ಲೈಕ್ಸ್" ಹೋಗುವುದಿಲ್ಲ. ಕ್ಲಿಪ್ ಕೈಯಿಂದ ಕೈಗೆ ಹೋಗುವುದನ್ನು ನೋಡಿದವರು ಆಮೇಲೆ ಬರೆಯುವಾಗ ತಾವೇ ನಿಂತು ಯೋಚಿಸುತ್ತಾರೆ. ಶಿ ಡಸ್ ನಾಟ್ ಲೈಕ್ ಎಂಬಲ್ಲೂ ಕ್ಲಿಪ್ ಹೋಗುವುದು ಡುಗೇ. "ಡಿಡ್ ಯು ವೆಂಟ್" ಎಂಬುದಕ್ಕೂ ಇದೇ ಮದ್ದು: ಆಗಿಹೋದದ್ದರ ಗುರುತನ್ನು ಡಿಡ್ ಕಿತ್ತುಕೊಂಡ ಮೇಲೆ ಉಳಿಯುವುದು ಗೋ. ಆಮ್, ಈಸ್, ಆರ್ ಇರುವ ವಾಕ್ಯಕ್ಕೆ ಡು ಬೇಡ, ನೀಲಿ ಕೆಂಪು ಜಾಗ ಬದಲಿಸಿಕೊಂಡರೆ ಆಯಿತು: "ಆರ್ ಯು ಹಂಗ್ರಿ?" ಎಲ್ಲಿ, ಯಾವಾಗ, ಯಾಕೆ ಎಂಬ ಪದ ಎಲ್ಲಕ್ಕಿಂತ ಮುಂದೆ ನಿಲ್ಲಬೇಕು. "ನೀನು ಎಲ್ಲಿ ಹೋಗ್ತೀಯ" ಎಂಬುದು "ಯು ವೇರ್ ಗೋ" ಆಗುವುದು ಸಹಜ. ವೇರ್, ಡು, ಯು, ಗೋ ಎಂದು ನಾಲ್ವರನ್ನು ಸಾಲಾಗಿ ನಿಲ್ಲಿಸಿ ಓದಿಸಬೇಕು.

ಎ, ಆ್ಯನ್, ದಿ ಬಗ್ಗೆ ಮೊದಲ ತಿಂಗಳುಗಳಲ್ಲಿ ನಾವು ತಿದ್ದುವುದೇ ಇಲ್ಲ. ಕನ್ನಡದಲ್ಲಿ ಅವಿಲ್ಲ, ಬಿಟ್ಟರೂ ಅರ್ಥ ಕೆಡುವುದು ಕಡಿಮೆ. ನಾವು ಸರಿಯಾಗಿ ಬಳಸುತ್ತಾ ಹೋಗುತ್ತೇವೆ, ಅಷ್ಟೇ. ದೊಡ್ಡಕ್ಷರ, ಪೂರ್ಣವಿರಾಮಕ್ಕೆ ಬರೆಯುವ ಹಂತದಲ್ಲಿ ಒಂದು ದಿನ ಸಾಕು. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ ಇಲ್ಲದ್ದರಿಂದ ಐ ಎಂಬುದನ್ನು ಸದಾ ದೊಡ್ಡದಾಗಿ ಬರೆಯಬೇಕು ಅನ್ನುವುದನ್ನು ಮಾತ್ರ ಮತ್ತೆ ಮತ್ತೆ ನೆನಪಿಸಬೇಕಾಗುತ್ತದೆ.

ತಿದ್ದುವುದಕ್ಕೂ ಒಂದು ಮಿತಿ ಇಟ್ಟುಕೊಳ್ಳಿ. ವಾರಕ್ಕೆ ಒಂದೇ ಬಗೆಯ ತಪ್ಪು. "ನನಗೆ" ಕಲಿಯುವ ವಾರ "ಹಿ ವಾಂಟ್ ಟೀ" ಎಂದರೆ ಎಸ್ ಬಿಟ್ಟದ್ದಕ್ಕೆ ಕೆಂಪು ಗೆರೆ ಬೇಡ, ಹಿ ಎಂದದ್ದಕ್ಕೆ ಭೇಷ್ ಎನ್ನಿ. ಪುಟದ ತುಂಬ ಕೆಂಪು ಶಾಯಿ ಕಂಡ ಮಗು ಮುಂದಿನ ಸಲ ಎರಡೇ ವಾಕ್ಯ ಬರೆಯುತ್ತದೆ. ನೋಟ್‌ಬುಕ್ಕಿನ ಎಡ ಪುಟಕ್ಕೆ ಕನ್ನಡ ವಾಕ್ಯ, ನಂಬರ್ ಸಮೇತ; ಬಲ ಪುಟಕ್ಕೆ ಇಂಗ್ಲಿಷ್. ದಿನಕ್ಕೆ ಐದು ವಾಕ್ಯ, ಅದೂ ಮನೆಯದೇ, ಹೊಲದ್ದೇ, ಬಸ್‌ಸ್ಟ್ಯಾಂಡಿನದೇ. ಅಮ್ಮ ಹೂವು ಕಟ್ಟುತ್ತಾಳೆ. ಕರೆಂಟ್ ಇಲ್ಲ. ದಾಳಿಂಬೆ ಗಿಡಕ್ಕೆ ನೀರು ಬೇಕು.

ಕಲಿತಿದ್ದಾರಾ ಎಂದು ನೋಡಲು ಪಾಠದ ವಾಕ್ಯ ಕೇಳಬೇಡಿ, ಅದು ಬಾಯಿಪಾಠವಾಗಿರುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಪತ್ರ, ಪ್ರಬಂಧ ಉರುಹೊಡೆದ ಮಕ್ಕಳು ವಿಷಯ ಕೊಂಚ ಬದಲಾದರೆ ಪೆನ್ನು ಕೆಳಗಿಡುವುದು ಇದರಿಂದಲೇ. ಮಕ್ಕಳೇ ಆವತ್ತು ಆಡಿದ ಹತ್ತು ಕನ್ನಡ ವಾಕ್ಯ ಬೋರ್ಡಿನಲ್ಲಿ ಬರೆಯಿರಿ: ಮೂರು ಸಾದಾ ವಾಕ್ಯ, ಎರಡು ನನಗೆ ವಾಕ್ಯ, ಎರಡು ಕ್ರಿಯಾಪದ ಇಲ್ಲದ ವಾಕ್ಯ, ಒಂದು ಕರ್ತೃ ಇಲ್ಲದ್ದು, ಎರಡು ಪ್ರಶ್ನೆ. ಉತ್ತರ ನೋಡುವಾಗ ಅಂಕದ ಬದಲು ಯಾವ ಗುಂಪಿನಲ್ಲಿ ತಪ್ಪಿತು ಎಂದು ಗುರುತು ಹಾಕಿ. ಸಾದಾ ವಾಕ್ಯದಲ್ಲೇ ತಪ್ಪಿದವರು ಚೌಕಕ್ಕೆ ಮರಳಬೇಕು, ಅವರಿಗೆ ಪ್ರಶ್ನೆ ಕಲಿಸಿ ಪ್ರಯೋಜನವಿಲ್ಲ. ಪ್ರಶ್ನೆಯಲ್ಲಿ ಮಾತ್ರ ತಪ್ಪಿದವರಿಗೆ ಕ್ಲಿಪ್ ಆಟ ಎರಡು ಸಂಜೆ ಆಡಿಸಿದರೆ ಸಾಕು. ಹತ್ತರಲ್ಲಿ ಎಂಟು ಸರಿ ಬರೆದವರು ಆ್ಯಂಡ್, ಬಟ್, ಬಿಕಾಸ್ ಹಾಕಿ ಎರಡು ವಾಕ್ಯ ಕೂಡಿಸಲು ಸಿದ್ಧ. ಅವರಿಗೆ ಹೊಸ ಬಣ್ಣದ ಚೀಟಿ ಕತ್ತರಿಸಬೇಕು, ಈ ಸಲ ಆ ಕೆಲಸವನ್ನು ಅವರಿಗೇ ಕೊಡಿ.